ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ೨೦೨೩

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ೨೦೨೩ ವ್ಯಕ್ತಿಗಳ ಮಾಹಿತಿಯ ಸಂಗ್ರಹ, ಬಳಕೆ ಮತ್ತು ರಕ್ಷಣೆಯನ್ನು ನಿಯಂತ್ರಿಸುವ ಭಾರತದ ಕಾನೂನು. ಇದಕ್ಕೆ ೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಡಿಜಿಟಲ್ ರೂಪದಲ್ಲಿ ಸಂಗ್ರಹಿಸಿದ ಅಥವಾ ಕಾಗದದಿಂದ ಡಿಜಿಟಲೀಕರಿಸಿದ ಮಾಹಿತಿಗೆ ಮಾತ್ರ ಇದು ಅನ್ವಯಿಸುತ್ತದೆ.

ಹಿನ್ನೆಲೆ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ನೇತೃತ್ವದ ಸಮಿತಿಯು ೨೦೧೮ರಲ್ಲಿ ಕರಡು ಮಸೂದೆಯನ್ನು ಸಲ್ಲಿಸಿತು.

ದತ್ತಾಂಶ ಉಲ್ಲಂಘನೆ

ಮಾಹಿತಿಯ ಅನಧಿಕೃತ ಬಳಕೆ, ಆಕಸ್ಮಿಕ ಬಹಿರಂಗ, ಮಾರ್ಪಾಡು ಅಥವಾ ನಾಶ ಇವೆಲ್ಲವೂ ಉಲ್ಲಂಘನೆಯೆನಿಸುತ್ತವೆ. ಮಾಹಿತಿಯು ಕೈಗೆ ಸಿಗದಂತಾಗಿ ಅದರ ಲಭ್ಯತೆಗೆ ಧಕ್ಕೆಯಾದರೂ ಅದು ಉಲ್ಲಂಘನೆಯೇ. ಹೀಗಾದಾಗ ಮಾಹಿತಿ ಹೊಂದಿರುವ ಸಂಸ್ಥೆಯು:

* ಬಾಧಿತ ಪ್ರತಿಯೊಬ್ಬ ವ್ಯಕ್ತಿಗೂ ಘಟನೆಯ ಸ್ವರೂಪ, ಸಂಭಾವ್ಯ ಪರಿಣಾಮ ಮತ್ತು ವಹಿಸಬೇಕಾದ ಎಚ್ಚರಿಕೆಯನ್ನು ವಿಳಂಬವಿಲ್ಲದೆ ತಿಳಿಸಬೇಕು;
* ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಕೂಡಲೇ ಸೂಚನೆ ನೀಡಿ, ೭೨ ಗಂಟೆಗಳೊಳಗೆ ಅಥವಾ ಮಂಡಳಿ ಅನುಮತಿಸಿದ ಹೆಚ್ಚಿನ ಅವಧಿಯಲ್ಲಿ ಸವಿವರ ವರದಿ ಸಲ್ಲಿಸಬೇಕು.

ಇದಲ್ಲದೆ, ಸರ್ಟ್-ಇನ್ ಸಂಸ್ಥೆಯ ೨೦೨೨ರ ನಿರ್ದೇಶನದಂತೆ ಸೈಬರ್ ಭದ್ರತಾ ಘಟನೆಗಳನ್ನು ಆರು ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕಾಗುತ್ತದೆ.

ದಂಡ ಮತ್ತು ಪರಿಹಾರ

ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ, ಉಲ್ಲಂಘನೆಯನ್ನು ತಿಳಿಸದಿದ್ದರೆ ೨೦೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡದ ಮೊತ್ತವು ಭಾರತದ ಸಂಚಿತ ನಿಧಿಗೆ ಸೇರುತ್ತದೆ. ಸಂತ್ರಸ್ತರಿಗೆ ಪರಿಹಾರ ಒದಗಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ೨೦೦೦ರ ೪೩ಎ ಕಲಮನ್ನು ಕೈಬಿಡಲು ಈ ಕಾಯ್ದೆ ಅವಕಾಶ ಕಲ್ಪಿಸಿರುವುದು ಟೀಕೆಗೆ ಒಳಗಾಗಿದೆ.

ತಾಲ್ಲೂಕು ಮಟ್ಟದಲ್ಲಿ ಅನ್ವಯ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳಲ್ಲಿ ಜನರ ಮಾಹಿತಿಯು ನಾಡಕಚೇರಿ, ಬ್ಯಾಂಕು ಮತ್ತು ಸಹಕಾರ ಸಂಘಗಳ ಗಣಕಗಳಲ್ಲಿ ಸಂಗ್ರಹವಾಗುತ್ತದೆ. ಸಹಾಯಧನ, ಪ್ರಮಾಣಪತ್ರ ಮುಂತಾದವುಗಳಿಗಾಗಿ ಸರ್ಕಾರವು ನಿಗದಿತ ಸಂದರ್ಭಗಳಲ್ಲಿ ಪ್ರತ್ಯೇಕ ಸಮ್ಮತಿಯಿಲ್ಲದೆ ಮಾಹಿತಿಯನ್ನು ಬಳಸಬಹುದು. ಆದರೂ ಅದನ್ನು ರಕ್ಷಿಸುವ ಹೊಣೆ ತಪ್ಪುವುದಿಲ್ಲ. ಕಾನೂನಿನ ಬಾಧ್ಯತೆಯಂತೆ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಭೂದಾಖಲೆಯಲ್ಲಿ ಪ್ರಕಟಿಸಬೇಕಾದ ವಿವರಗಳನ್ನು, ಅರ್ಜಿಯೊಂದಿಗೆ ಸಲ್ಲಿಸಿದ ಬೆರಳಚ್ಚು ಅಥವಾ ಆಧಾರ್ ಸಂಖ್ಯೆಯಿಂದ ಬೇರೆಯಾಗಿ ಪರಿಗಣಿಸಬೇಕಾಗುತ್ತದೆ.

ಸಮ್ಮತಿ ಕೋರುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ವ್ಯಕ್ತಿಗಿದೆ. ದೂರನ್ನು ಮೊದಲು ಸಂಬಂಧಿತ ಸಂಸ್ಥೆಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮಂಡಳಿಗೆ ಸಲ್ಲಿಸಬೇಕು.

ಜಾರಿ

ಕಾಯ್ದೆಯ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾದವು. ಮಂಡಳಿಯ ಸ್ಥಾಪನೆಗೆ ಸಂಬಂಧಿಸಿದ ಕಲಮುಗಳು ಆಗಲೇ ಜಾರಿಗೆ ಬಂದವು. ಉಲ್ಲಂಘನೆಯ ಸೂಚನೆಯೂ ಸೇರಿದಂತೆ ಸಂಸ್ಥೆಗಳ ಪ್ರಮುಖ ಹೊಣೆಗಾರಿಕೆಗಳ ಜಾರಿಗೆ ಪ್ರಕಟಣೆಯಿಂದ ಹದಿನೆಂಟು ತಿಂಗಳ ಅವಧಿಯನ್ನು ನಿಗದಿಪಡಿಸಲಾಗಿದೆ.