ವೈದ್ಯರ ಅನುಚಿತ ವರ್ತನೆ ಮತ್ತು ಶಿಸ್ತುಕ್ರಮ (ಕರ್ನಾಟಕ)

ರೋಗಿಯೊಂದಿಗೆ ಅನುಚಿತವಾಗಿ ನಡೆದುಕೊಂಡ ಅಲೋಪಥಿ ವೈದ್ಯರನ್ನು ವಿಚಾರಿಸುವ ಅಧಿಕಾರ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನದು. ಅದಕ್ಕೆ ಆಧಾರ 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆ. ವೃತ್ತಿಯ ಸ್ಥಾನವನ್ನು ದುರುಪಯೋಗಪಡಿಸಿಕೊಂಡು ರೋಗಿಯೊಡನೆ ಅನುಚಿತವಾಗಿ ವರ್ತಿಸುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ 7.4ನೇ ನಿಯಮದ ಪ್ರಕಾರ ದುರ್ನಡತೆ. ಪರದೆಯ ಹಿಂದೆ ಮಂಚದ ಮೇಲೆ ಮಲಗಿ, ಉಸಿರು ಬಿಗಿಹಿಡಿ ಎಂದಾಗ ಹಿಡಿಯುವ ಹೆಣ್ಣುಮಗಳಿಗೆ ಯಾವ ಸ್ಪರ್ಶ ತಪಾಸಣೆ, ಯಾವುದು ಅಲ್ಲ ಎಂದು ಹೇಗೆ ಗೊತ್ತಾಗಬೇಕು? ಅವಳ ಆ ನಂಬಿಕೆಯೇ ಇಲ್ಲಿ ಬಲಿಯಾಗುವುದು.

ಪರಿಷತ್ತು ವೈದ್ಯರ ಅಹವಾಲನ್ನೂ ಕೇಳಿ, 6 ತಿಂಗಳೊಳಗೆ ತೀರ್ಮಾನಿಸಬೇಕು. ತಪ್ಪು ಸಾಬೀತಾದರೆ ಹೆಸರನ್ನು ನೋಂದಣಿ ಪುಸ್ತಕದಿಂದ ನಿಗದಿತ ಅವಧಿಗೆ ಇಲ್ಲವೇ ಶಾಶ್ವತವಾಗಿ ತೆಗೆಯಬಹುದು. 2002ರ ನಿಯಮಾವಳಿಯ ಬದಲಿಗೆ 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು; ಹಾಗಾಗಿ ಹಳೆಯದೇ ಉಳಿಯಿತು.

ಮರೋಳ, ಇಳಕಲ್ಲ, ಹುನಗುಂದದ ಕಡೆಯವರಿಗೆ ಬೆಂಗಳೂರು 400 ಕಿ.ಮೀ.ಗೂ ದೂರ. ಬಸ್ ಚಾರ್ಜು, ಒಂದು ದಿನದ ಕೂಲಿ, ಊರವರ ಮಾತು ಇವೆಲ್ಲ ದೂರುಗಳನ್ನು ಮನೆಯೊಳಗೇ ಉಳಿಸುತ್ತವೆ. ಖಾಸಗಿ ಆಸ್ಪತ್ರೆಗಳ ಮಟ್ಟಿಗೆ ಹತ್ತಿರದ ದಾರಿಯೊಂದಿದೆ: 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ. ಆಯುರ್ವೇದ, ಯುನಾನಿ ವೈದ್ಯರ ನೋಂದಣಿ ಮಂಡಳಿಯೇ ಬೇರೆ. ಯಾರ ಮೇಲಿನ ದೂರು ಎಲ್ಲಿಗೆ ಎಂಬಲ್ಲಿ ದೂರುದಾರರು ಎಡವಬಹುದು.

2010ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯರು ಈ ವಿಷಯದ ಬಗೆಗಿನ ಮೌನವನ್ನು ವೈದ್ಯಕೀಯ ನೀತಿಶಾಸ್ತ್ರದ ಪತ್ರಿಕೆಯಲ್ಲಿ ಧೈರ್ಯವಾಗಿ ಚರ್ಚೆಗೆ ತಂದರು.

ಶಿಸ್ತುಕ್ರಮ ಪೊಲೀಸ್ ಮೊಕದ್ದಮೆಗೆ ಬದಲಿಯಲ್ಲ. ಆಸ್ಪತ್ರೆಯ ಸಿಬ್ಬಂದಿ ಅಲ್ಲಿನ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರೆ ಭಾರತೀಯ ನ್ಯಾಯ ಸಂಹಿತೆಯ 64(2)ನೇ ಕಲಂ ಪ್ರಕಾರ ಕನಿಷ್ಠ 10 ವರ್ಷ ಕಠಿಣ ಸೆರೆವಾಸ.