ಬ್ರೆಡ್ಡಿನೊಳಗಿನ ಪುಡಿ ಮತ್ತು 26 ವರ್ಷ

ಬಾರಾಮತಿಯಲ್ಲಿ ನೆಲೆಸಿ ವರ್ಷಗಳಾದವು. ಉಪ್ಪಿಟ್ಟು, ದೋಸೆ ಬಿಟ್ಟಿಲ್ಲ. ಆದರೆ ಭಾನುವಾರ ಮಿಸಳ್ ಪಾವ್, ಬ್ಯಾಂಕಿಗೆ ಓಡುವ ದಿನ ಚಹಾದ ಜೊತೆ ಎರಡು ಸ್ಲೈಸ್ ಬ್ರೆಡ್ಡು ರೂಢಿಯಾಗಿದೆ. ಊರು ಬಿಟ್ಟ ನಿಮ್ಮ ಮನೆಗಳಲ್ಲೂ ಹೀಗೇ ಇರಬೇಕು, ಅಲ್ವೇ? ಅದಕ್ಕೇ ಬ್ರೆಡ್ಡಿಗೆ ಹಾಕುತ್ತಿದ್ದ ಒಂದು ಪುಡಿಯ ಕಥೆ ಹೇಳುತ್ತೇನೆ.

ಅದರ ಹೆಸರು ಪೊಟ್ಯಾಸಿಯಂ ಬ್ರೋಮೇಟ್. ಮೈದಾಹಿಟ್ಟಿಗೆ ಚಿಟಿಕೆಯಷ್ಟು ಬೆರೆಸಿದರೆ ನಾದಿದ ಹಿಟ್ಟು ಬಿಗಿಯಾಗಿ, ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ. ಸರಿಯಾಗಿ ಬೆಂದರೆ ಅದು ಬೇರೆ ರೂಪಕ್ಕೆ ತಿರುಗುತ್ತದೆ. ಹೆಚ್ಚು ಹಾಕಿದರೆ, ಅರೆಬೆಂದರೆ ಬ್ರೆಡ್ಡಿನಲ್ಲೇ ಉಳಿಯುತ್ತದೆ.

1980ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಮೂತ್ರಪಿಂಡದಲ್ಲಿ ಗೆಡ್ಡೆಗಳು ಕಂಡವು. ಬ್ರಿಟನ್ 1990ರಲ್ಲಿ, ಕೆನಡಾ 1994ರಲ್ಲಿ ನಿಷೇಧಿಸಿದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು.

ಅಮೆರಿಕದ ದಾರಿಯೇ ಬೇರೆ. ಕ್ಯಾನ್ಸರ್ ತರುವ ಯಾವ ವಸ್ತುವನ್ನೂ ಆಹಾರಕ್ಕೆ ಸೇರಿಸಬಾರದೆಂದು ಅಲ್ಲಿ 1958ರಲ್ಲೇ ಕಾನೂನಾಗಿತ್ತು. ಆದರೆ ಬ್ರೋಮೇಟಿಗೆ ಅದಕ್ಕೂ ಮುಂಚೆಯೇ ಅನುಮತಿ ಸಿಕ್ಕಿತ್ತು. ಹಳೇ ಖಾತೆಗೆ ಹೊಸ ನಿಯಮ ಇಲ್ಲ ಅಂದ ಹಾಗಾಯಿತು ನೋಡಿ! 1991ರಲ್ಲಿ ಅಲ್ಲಿನ ಸರ್ಕಾರ, ನೀವಾಗಿಯೇ ಬಿಟ್ಟುಬಿಡಿ ಎಂದು ಬೇಕರಿಗಳನ್ನು ಕೇಳಿಕೊಂಡಿತು, ಅಷ್ಟೇ. ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಮಾಡಿದ ನಿಷೇಧ ಜಾರಿಯಾಗುವ ದಿನ 2027ರ ಜನವರಿ 1.

ನಮ್ಮಲ್ಲಿ? ಬ್ರೆಡ್ಡಿಗೆ ಹತ್ತು ಲಕ್ಷದಲ್ಲಿ 50 ಪಾಲಿನವರೆಗೆ ಹಾಕಲು ಅವಕಾಶವಿತ್ತು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 38 ಮಾದರಿಗಳ ಪರೀಕ್ಷೆಯ ವರದಿ ಕೊಟ್ಟಿತು. ಶೇ. 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೊಡೇಟ್ ಇತ್ತು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಒಂದೇ ತಿಂಗಳು, ಜೂನಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ಪಟ್ಟಿಯಿಂದ ತೆಗೆದುಹಾಕಿತು.

ಬ್ರಿಟನ್ನಿಗೂ ನಮಗೂ ನಡುವೆ 26 ವರ್ಷ. ಇಲಿ ಅವೇ, ಪುಡಿ ಅದೇ, ವರದಿ ಎಲ್ಲರಿಗೂ ಸಿಗುವಂಥದ್ದೇ. ಒಂದೇ ತಿಂಗಳಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತು, ಏಕೆಂದರೆ ಬ್ರೆಡ್ಡನ್ನು ಪರೀಕ್ಷೆಗೆ ಕಳಿಸಿ ಗಟ್ಟಿಯಾಗಿ ಕೇಳುವವರು ಬೇಕಿತ್ತು. ಆ ವರ್ಷಗಳಲ್ಲಿ ಬ್ರೋಮೇಟ್ ಹಾಕಿದ ಬೇಕರಿಯವರು ಮಿತಿಯೊಳಗಿದ್ದರೆ ಕಾನೂನನ್ನೇನೂ ಮುರಿದಿರಲಿಲ್ಲ. ನಮ್ಮ ಮಕ್ಕಳು ಮಾತ್ರ ಬ್ರೆಡ್ಡು ತಿನ್ನುತ್ತಲೇ ಬೆಳೆದರು.

ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲು ಸಣ್ಣ ಅಕ್ಷರ ಓದಿ ಅನ್ನುತ್ತೇವೆ. ಬ್ರೆಡ್ಡಿನ ಪೊಟ್ಟಣಕ್ಕೂ ಅದೇ ಮಾತು. ಬ್ರೋಮೇಟಿನ ಅಂತರರಾಷ್ಟ್ರೀಯ ಸಂಖ್ಯೆ 924. ಅಮೆರಿಕದಲ್ಲಿರುವವರು ‘ಬ್ರೋಮೇಟೆಡ್ ಫ್ಲೋರ್’ ಅಂತ ಬರೆದಿದೆಯೇ ನೋಡಿ. ಕನ್ನಡಕ ಹಾಕಿಕೊಂಡೇ ನೋಡಿ!