‘ಗೋ’ ಎಂದಾಗ ಕೇಳಿಸಿಕೊಂಡವರು ಯಾರು?

ನಾಟಕದ ಚರಿತ್ರೆಯಲ್ಲಿ ನಾಟಕಕಾರರಿಗೆ, ನಟರಿಗೆ, ನಿರ್ದೇಶಕರಿಗೆ ಅಧ್ಯಾಯಗಳಿವೆ. ವೇಷಭೂಷಣಕ್ಕೂ ರಂಗಸಜ್ಜಿಕೆಗೂ ಕೆಲವು ಪುಟಗಳಿವೆ. ಆದರೆ ತೆರೆ ಎಳೆಯುವವನಿಗೆ ಅದನ್ನು ಎಳೆಯುವ ಕ್ಷಣ ಯಾವುದೆಂದು ಹೇಗೆ ತಿಳಿಯುತ್ತಿತ್ತು ಎಂಬ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರ ಸಿಗುವುದು ಅಪರೂಪ. ಗುಡುಗಿನ ಸದ್ದು, ಮಿಂಚಿನ ಬೆಳಕು, ಬದಲಾಗುವ ಪರದೆ, ಇವು ಮೂರೂ ಒಂದೇ ಕ್ಷಣದಲ್ಲಿ ನಡೆಯಬೇಕಾದರೆ ಪರಸ್ಪರ ಕಾಣದ ಮೂವರಿಗೆ ಒಂದೇ ಸಂಜ್ಞೆ ತಲುಪಬೇಕು. ಇಂದು ಆ ಸಂಜ್ಞೆಯನ್ನು ಲ್ಯಾಪ್‌ಟಾಪಿನಲ್ಲಿರುವ ‘ಗೋ’ ಎಂಬ ಒಂದು ಗುಂಡಿ ಕಳಿಸುತ್ತದೆ. ಆ ಗುಂಡಿಯ ಹಿಂದೆ ಸುಮಾರು ನಾಲ್ಕು ಶತಮಾನಗಳ ಕಥೆಯಿದೆ. ಅದು ಯಂತ್ರಗಳ ಕಥೆಯಂತೆ ಕಂಡರೂ ನನ್ನ ಮಟ್ಟಿಗೆ ನಂಬಿಕೆಯ ಕಥೆ: ಹೇಳಿದ್ದು ತಲುಪಿತೆಂದು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ?

ಹದಿನೇಳನೆಯ ಶತಮಾನದ ಇಟಲಿಯಿಂದ ಆರಂಭಿಸೋಣ. ವೆನಿಸ್ಸಿನ ಟಿಯಾಟ್ರೊ ನೊವಿಸ್ಸಿಮೊ ಎಂಬ ರಂಗಮಂದಿರ 1641ರಲ್ಲಿ ತೆರೆಯಿತು. ಅಲ್ಲಿ ಕೆಲಸ ಮಾಡಿದ ಜಾಕೊಮೊ ಟೊರೆಲ್ಲಿ ಒಂದು ಉಪಾಯ ಹೂಡಿದ. ರಂಗದ ಎರಡೂ ಬದಿಯ ಚಿತ್ರಿತ ಪಟಗಳನ್ನು ನೆಲದಡಿಯ ಗಾಲಿಬಂಡಿಗಳಿಗೆ ಕಂಬಗಳ ಮೂಲಕ ಜೋಡಿಸಿದ. ಆ ಬಂಡಿಗಳ ಹಗ್ಗಗಳನ್ನೆಲ್ಲ ಒಂದೇ ರಾಟೆಗೆ ಸುತ್ತಿ ಪ್ರತಿಭಾರ ಕಟ್ಟಿದ. ಅದಕ್ಕೂ ಮೊದಲು ಪ್ರತಿ ಪಟಕ್ಕೆ ಒಬ್ಬೊಬ್ಬ ಆಳು ಬೇಕಿತ್ತು. ಒಬ್ಬ ತಡ ಮಾಡಿದರೆ ಅರಮನೆಯ ನಡುವೆ ಅರ್ಧ ಕಾಡು ಉಳಿಯುತ್ತಿತ್ತು. ಈಗ ರಾಟೆ ಒಂದು ಸಲ ತಿರುಗಿದರೆ ಇಡೀ ದೃಶ್ಯ ಏಕಕಾಲಕ್ಕೆ ಬದಲಾಗುತ್ತಿತ್ತು. ಇಂಥ ಯಂತ್ರವನ್ನು ಕೆಲಸದ ಸ್ಥಿತಿಯಲ್ಲಿ ನೋಡಬೇಕೆಂದರೆ ಸ್ವೀಡನ್ನಿನ ಡ್ರಾಟ್‌ನಿಂಗ್‌ಹೋಮ್ ಅರಮನೆಯ ರಂಗಮಂದಿರಕ್ಕೆ ಹೋಗಬಹುದು. 1766ರಲ್ಲಿ ಕಟ್ಟಿ, ನಂತರ ಮರೆತುಹೋಗಿ, 1921ರಲ್ಲಿ ಮತ್ತೆ ಬೆಳಕಿಗೆ ಬಂದ ರಂಗಮಂದಿರವದು. ಅದರ ಹಳೆಯ ಮರದ ಯಂತ್ರಗಳು ಉಳಿದುಬಂದಿವೆ.

ಟೊರೆಲ್ಲಿಯ ರಾಟೆಯಲ್ಲಿ ನಾನು ಗಮನಿಸುವ ಗುಣ ಇನ್ನೊಂದಿದೆ. ತಿರುಗಿಸುವವನ ತೋಳಿಗೆ ಹಗ್ಗದ ಭಾರ ತಿಳಿಯುತ್ತದೆ. ಎಲ್ಲೋ ಒಂದು ಬಂಡಿ ಸಿಕ್ಕಿಕೊಂಡರೆ ರಾಟೆ ಬಿಗಿಯುತ್ತದೆ. ಆಜ್ಞೆ ಹೋದ ಹಗ್ಗದಲ್ಲೇ ಉತ್ತರವೂ ಮರಳುತ್ತದೆ. ಮುಂದಿನ ಶತಮಾನಗಳಲ್ಲಿ ನಾವು ಕಳೆದುಕೊಂಡು ಮತ್ತೆ ಹುಡುಕಿದ್ದು ಈ ಉತ್ತರವನ್ನೇ.

ಇಂಗ್ಲೆಂಡಿನಲ್ಲಿ ಸಂಜ್ಞೆಯ ಅಧಿಕಾರ ಪ್ರಾಂಪ್ಟರ್‌ನ ಕೈಯಲ್ಲಿತ್ತು. ದೃಶ್ಯ ಬದಲಾಯಿಸಲು ಆತ ಸಿಳ್ಳೆ ಊದುತ್ತಿದ್ದ, ಸಂಗೀತಗಾರರಿಗೆ ಗಂಟೆ ಬಾರಿಸುತ್ತಿದ್ದ. ಎರಡು ಬಗೆಯ ಕೆಲಸ, ಎರಡು ಬಗೆಯ ಸದ್ದು. ಯಾರ ಸಂಜ್ಞೆ ಯಾರಿಗೆ ಎಂಬ ಗೊಂದಲ ತಪ್ಪಿಸುವ ಸರಳ ವ್ಯವಸ್ಥೆ ಇದು. ಇಂದಿನ ತಂತ್ರಜ್ಞರು ಪ್ರತಿ ಸಾಧನಕ್ಕೂ ಒಂದು ವಿಳಾಸ ಕೊಡುವುದು ಇದೇ ಕಾರಣಕ್ಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಯಾಸ್ ದೀಪ ಬಂತು. ರಂಗದ ಎಲ್ಲ ದೀಪಗಳ ಕೊಳವೆಗಳೂ ಒಂದೆಡೆ ಸೇರಿ, ಅಲ್ಲಿನ ತಿರುಪುಗಳಿಂದ ಬೆಳಕನ್ನು ಏರಿಸುವುದು, ಇಳಿಸುವುದು ಸಾಧ್ಯವಾಯಿತು. ಸಾಲುಗಟ್ಟಿ ನಿಂತ ಆ ಕೊಳವೆಗಳು ಚರ್ಚಿನ ಆರ್ಗನ್ ವಾದ್ಯವನ್ನು ನೆನಪಿಸುತ್ತಿದ್ದವು. ಫ್ರೆಂಚ್ ರಂಗಕರ್ಮಿಗಳು ಬೆಳಕಿನ ನಿಯಂತ್ರಣ ಫಲಕವನ್ನು ಇಂದಿಗೂ ‘ಜೂ ದೋರ್ಗ್’ ಎನ್ನುತ್ತಾರೆ. ಆ ಹೆಸರಿನಲ್ಲಿರುವುದು ಆರ್ಗನ್ನೇ. ಈ ಹೋಲಿಕೆ ಮುಂದೆ ಅಕ್ಷರಶಃ ನಿಜವಾಯಿತು. 1881ರಲ್ಲಿ ಲಂಡನ್ನಿನ ಸೆವಾಯ್ ರಂಗಮಂದಿರ ವಿದ್ಯುದ್ದೀಪ ಅಳವಡಿಸಿಕೊಂಡಿತು. 1935ರಲ್ಲಿ ಸ್ಟ್ರ್ಯಾಂಡ್ ಎಲೆಕ್ಟ್ರಿಕ್ ಕಂಪನಿಯ ಫ್ರೆಡರಿಕ್ ಬೆಂಥಮ್, ಸಿನಿಮಾ ಮಂದಿರಗಳ ಆರ್ಗನ್ನಿನಂಥದೇ ಕೀಲಿಮಣೆಯಲ್ಲಿ ದೀಪ ನುಡಿಸುವ ‘ಲೈಟ್ ಕನ್ಸೋಲ್’ ರೂಪಿಸಿದ. ಬೆಳಕನ್ನು ವಾದ್ಯದಂತೆ, ಕ್ಷಣಕ್ಷಣವೂ ಕೇಳುತ್ತ ನೋಡುತ್ತ ನುಡಿಸಬೇಕೆಂಬುದು ಅವನ ಆಸೆ.

ಇದೇ ಅವಧಿಯಲ್ಲಿ ರಂಗದ ಮಗ್ಗುಲಲ್ಲಿ ಇನ್ನೊಂದು ಚಿಕ್ಕ ವಸ್ತು ನೆಲೆಯಾಯಿತು: ಕ್ಯೂ ಲೈಟ್. ಸ್ಟೇಜ್ ಮ್ಯಾನೇಜರ್ ಗುಂಡಿ ಒತ್ತಿದರೆ ಹಗ್ಗ ಎಳೆಯುವವನ ಮುಂದೆ ಕೆಂಪು ದೀಪ ಹತ್ತುತ್ತದೆ, ಸಿದ್ಧನಾಗು ಎಂದರ್ಥ. ಹಸಿರು ಹತ್ತಿದರೆ, ಮಾಡು. ಒಳ್ಳೆಯ ವ್ಯವಸ್ಥೆಯಲ್ಲಿ ಇನ್ನೊಂದು ಸೊಗಸಿರುತ್ತದೆ. ಕೆಂಪು ದೀಪ ಮೊದಲು ಮಿನುಗುತ್ತದೆ. ಆಳು ತನ್ನ ಕಡೆಯ ಗುಂಡಿ ಒತ್ತಿದ ಮೇಲಷ್ಟೇ ಎರಡೂ ಕಡೆ ಸ್ಥಿರವಾಗಿ ಉರಿಯುತ್ತದೆ. ಅಂದರೆ ಕರೆದವನಿಗೆ ‘ಓ’ಗುಟ್ಟಿದಂತೆ. ಹೆಡ್‌ಸೆಟ್ಟಿನಲ್ಲಿ ನಡೆಯುವ ಮಾತುಕತೆಗೂ ಇದೇ ವ್ಯಾಕರಣ. “ಸ್ಟ್ಯಾಂಡ್‌ಬೈ ಲೈಟ್ 42” ಎಂದು ಒಬ್ಬರು, “ಸ್ಟ್ಯಾಂಡಿಂಗ್ ಬೈ” ಎಂದು ಇನ್ನೊಬ್ಬರು; ಆಮೇಲಷ್ಟೇ “ಗೋ”. ಆ ಕೊನೆಯ ಪದವನ್ನು ಹೆಡ್‌ಸೆಟ್ಟಿನಲ್ಲಿ ಬೇರೆ ಯಾವ ಅರ್ಥದಲ್ಲೂ ಬಳಸಬಾರದೆಂದು ಹೊಸಬರಿಗೆ ಮೊದಲೇ ಹೇಳಿಕೊಡುತ್ತಾರೆ.

ಆಮೇಲೆ ಕಂಪ್ಯೂಟರ್ ಬಂತು. 1975ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಎ ಕೋರಸ್ ಲೈನ್’ ಸಂಗೀತ ನಾಟಕಕ್ಕೆ ಥೇರನ್ ಮಸ್ಸರ್ ಬೆಳಕು ವಿನ್ಯಾಸ ಮಾಡಿದಾಗ ನೆನಪಿನ ಶಕ್ತಿಯುಳ್ಳ ನಿಯಂತ್ರಣ ಫಲಕ ಬಳಸಿದರು. ಬ್ರಾಡ್‌ವೇಯಲ್ಲಿ ಅದು ಮೊದಲ ಸಲ. ಹಲವು ಎಲೆಕ್ಟ್ರಿಷಿಯನ್ನರು ಭಾರದ ಹಿಡಿಕೆಗಳನ್ನು ಎಳೆದು ಮಾಡುತ್ತಿದ್ದ ಬದಲಾವಣೆ ಈಗ ಒಂದು ಗುಂಡಿಯ ಕೆಲಸ. ಆದರೆ ಫಲಕದಿಂದ ಡಿಮ್ಮರ್‌ಗಳಿಗೆ ಹೋಗುವ ತಂತಿಗಳ ಕಥೆ ಇನ್ನೂ ಗೋಜಲು. ಒಂದೊಂದು ಡಿಮ್ಮರಿಗೆ ಒಂದೊಂದು ತಂತಿ, ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ, ಡಿಎಮ್‌ಎಕ್ಸ್ 512 ಎಂಬ ಸಮಾನ ಭಾಷೆಯನ್ನು ಒಪ್ಪಿಸಿತು. ಒಂದೇ ಕೇಬಲ್ಲಿನಲ್ಲಿ 512 ಬೆಲೆಗಳು, ಪ್ರತಿಯೊಂದೂ 0ಯಿಂದ 255ರ ನಡುವೆ. ಪೂರ್ತಿ ಪಟ್ಟಿ ಸೆಕೆಂಡಿಗೆ ಸುಮಾರು 44 ಸಲ ಹರಿಯಬಲ್ಲದು.

ಡಿಎಮ್‌ಎಕ್ಸ್ ಏಕಮುಖ ಭಾಷೆ. ಫಲಕ ಹೇಳುತ್ತಲೇ ಇರುತ್ತದೆ, ದೀಪ ಕೇಳಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ತಪ್ಪು ಪತ್ತೆಹಚ್ಚುವ ಏರ್ಪಾಡೂ ಇಲ್ಲ. ಆದರೂ ಅದು ಗೆದ್ದಿತು. ಕಾರಣ ಅದರ ಪುನರುಕ್ತಿ. ಒಂದು ಸಲ ತಪ್ಪಿ ಹೋದ ಬೆಲೆ ಸೆಕೆಂಡಿನ ನಲವತ್ತನಾಲ್ಕನೆಯ ಒಂದು ಭಾಗದಲ್ಲಿ ಮತ್ತೆ ಬರುತ್ತದೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಬೆಳಕಿಗೆ ಇದು ಸಾಕು, ಬೆಂಕಿಗೆ ಸಾಲದು. ಪಟಾಕಿ ಸಿಡಿಸಲು, ತೂಗುವ ಭಾರ ಚಲಿಸಲು ಈ ಭಾಷೆಯನ್ನು ನೆಚ್ಚಬೇಡಿ ಎಂದು ಆ ಮಾನಕವೇ ಎಚ್ಚರಿಸುತ್ತದೆ. ದೀಪಗಳು ಮರುಮಾತಾಡಲು ಅವಕಾಶ ಕೊಡುವ ಆರ್‌ಡಿಎಮ್ ಎಂಬ ವಿಸ್ತರಣೆ ಬಂದದ್ದು 2006ರಲ್ಲಿ.

ಧ್ವನಿಯ ಕಡೆಯಿಂದ ಇನ್ನೊಂದು ಹಾದಿ ತೆರೆದಿತ್ತು. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದನ್ನೊಂದು ಅರ್ಥಮಾಡಿಕೊಳ್ಳಲೆಂದು 1983ರಲ್ಲಿ ಮಿಡಿ ಬಂತು. ‘ಈ ಸ್ವರ ಒತ್ತು’ ಎಂದು ಹೇಳಬಲ್ಲ ಭಾಷೆ ‘ಈ ಕ್ಯೂ ಆರಂಭಿಸು’ ಎಂದೇಕೆ ಹೇಳಬಾರದು? ಚಾರ್ಲಿ ರಿಚ್ಮಂಡ್ ಮುಂದಾಳುತನದಲ್ಲಿ ರಂಗತಂತ್ರಜ್ಞರು ಚರ್ಚಿಸಿ ರೂಪಿಸಿದ ‘ಮಿಡಿ ಶೋ ಕಂಟ್ರೋಲ್’ 1991ರಲ್ಲಿ ಮಾನಕವಾಯಿತು. ಗೋ, ಸ್ಟಾಪ್, ರೆಸ್ಯೂಮ್ ಎಂಬ ಆಜ್ಞೆಗಳು, ಸಾಧನದ ಸಂಖ್ಯೆ, ಕ್ಯೂ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಧ್ವನಿಯ ಕಂಪ್ಯೂಟರ್ ಒಂದು ಗುಂಡಿಯಿಂದ ಬೆಳಕಿನ ಫಲಕವನ್ನೂ ಓಡಿಸಬಲ್ಲದಾಯಿತು. ಇಲ್ಲೂ ಮಾತು ಏಕಮುಖವೇ. ಡಿಎಮ್‌ಎಕ್ಸ್‌ಗಿದ್ದ ಪುನರುಕ್ತಿಯ ರಕ್ಷಣೆಯೂ ಇದಕ್ಕಿಲ್ಲ. ‘ಗೋ’ ಹೋಗುವುದು ಒಂದೇ ಸಲ.

ಈ ಕೊರತೆ ಅದನ್ನು ರೂಪಿಸಿದವರಿಗೆ ಗೊತ್ತಿತ್ತು. 1990ರ ದಶಕದಲ್ಲೇ ಅದೇ ಮಾನಕಕ್ಕೆ ಎರಡು ಹಂತದ ಕ್ರಮವೊಂದನ್ನು ಸೇರಿಸಿದರು. ನಿಯಂತ್ರಕ ‘ಸ್ಟ್ಯಾಂಡ್‌ಬೈ’ ಎನ್ನಬೇಕು, ಸಾಧನ ‘ಸ್ಟ್ಯಾಂಡಿಂಗ್ ಬೈ’ ಎನ್ನಬೇಕು, ಬಳಿಕ ಗೋ, ಮುಗಿದಾಗ ‘ಕಂಪ್ಲೀಟ್’. ಹೆಡ್‌ಸೆಟ್ಟಿನ ಸಂಭಾಷಣೆಯನ್ನೇ ಪದಕ್ಕೆ ಪದ ಯಂತ್ರಭಾಷೆಗೆ ಇಳಿಸಿದಂತೆ. ಆದರೆ ಈ ಕ್ರಮ ಹೆಚ್ಚು ಬಳಕೆಗೆ ಬರಲಿಲ್ಲ. ಜಗತ್ತು ಸರಳವಾದ, ಉತ್ತರ ಬೇಡದ ಆಜ್ಞೆಯನ್ನೇ ಆರಿಸಿಕೊಂಡಿತು.

ಆ ಆಯ್ಕೆಯ ಬೆಲೆಯನ್ನು ನಾನು ಕಂಡದ್ದು ನಮ್ಮ ಒಂದು ಜಿಲ್ಲಾಕೇಂದ್ರದ ರಂಗಮಂದಿರದಲ್ಲಿ. ಕ್ಷೇತ್ರಕಾರ್ಯದ ಭಾಗವಾಗಿ ಬೆಳಕಿನ ಕೊಠಡಿಯ ಮೂಲೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಮಳೆಯ ದೃಶ್ಯ. ಲ್ಯಾಪ್‌ಟಾಪಿನಲ್ಲಿ ಗೋ ಒತ್ತಿದರು. ಮಳೆಯ ಸದ್ದು ಬಂತು, ನೀಲಿ ಬೆಳಕು ಬರಲಿಲ್ಲ. ಮಧ್ಯಂತರದಲ್ಲಿ ಲ್ಯಾಪ್‌ಟಾಪು ನಿದ್ದೆಗೆ ಹೋಗಿ ಎದ್ದಿತ್ತು. ಎದ್ದ ಮೇಲೆ ಯುಎಸ್‌ಬಿಗೆ ಸಿಕ್ಕಿಸಿದ್ದ ಮಿಡಿ ಪೆಟ್ಟಿಗೆಯನ್ನು ಗುರುತಿಸಿರಲಿಲ್ಲ. ತೆರೆಯ ಮೇಲೆ ಆ ಕ್ಯೂ ಮಾತ್ರ ಮುಗಿದಿದೆಯೆಂದೇ ತೋರಿಸುತ್ತಿತ್ತು. ಫಲಕದ ಮುಂದಿದ್ದ ಹುಡುಗಿ ಒಂದು ಉಸಿರಿನಷ್ಟೂ ತಡಮಾಡದೆ ಕೈಯಿಂದಲೇ ಫೇಡರ್ ಏರಿಸಿದಳು. ನಾಟಕ ಮುಗಿದ ಮೇಲೆ ಕೇಳಿದೆ. “ಕಂಪ್ಯೂಟರು ಹೇಳಿದ್ದು ಕಳಿಸ್ದೆ ಅಂತ, ತಲುಪ್ತು ಅಂತಲ್ಲ ಸರ್. ನಾನು ಸ್ಕ್ರೀನ್ ನೋಡಲ್ಲ, ಸ್ಟೇಜ್ ನೋಡ್ತೀನಿ,” ಎಂದಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಬರೆದುಕೊಂಡ ಸಾಲುಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಹಾಗಾದರೆ ಎಲ್ಲವನ್ನೂ ಗಡಿಯಾರಕ್ಕೆ ಕಟ್ಟಿಬಿಡಬಹುದಲ್ಲ? ಸಿನಿಮಾ, ಟಿವಿಯವರು ಟೈಮ್‌ಕೋಡ್ ಬಳಸುವುದು ಹಾಗೆಯೇ. ದೊಡ್ಡ ಸಂಗೀತ ಕಛೇರಿಗಳೂ, ಥೀಮ್ ಪಾರ್ಕುಗಳೂ ಅದನ್ನೇ ನೆಚ್ಚಿವೆ. ನಾಟಕ ಬಹುಮಟ್ಟಿಗೆ ಅದನ್ನು ಒಪ್ಪಿಕೊಂಡಿಲ್ಲ. ನಟಿ ಇವತ್ತು ಒಂದು ಮಾತಿನ ಮುಂಚೆ ಎರಡು ಕ್ಷಣ ಹೆಚ್ಚು ನಿಲ್ಲಬಹುದು, ಪ್ರೇಕ್ಷಕರ ನಗು ನಾಳೆ ಉದ್ದವಾಗಬಹುದು. ಯಕ್ಷಗಾನದ ಭಾಗವತರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರು ತಾಳ ಹಿಡಿದು ಮುನ್ನಡೆಸುತ್ತಾರೆ ನಿಜ, ಆದರೆ ಕಣ್ಣು ವೇಷಧಾರಿಯ ಮೇಲೆಯೇ ಇರುತ್ತದೆ. ಮುಂದಿನ ಪದ ಎತ್ತುವ ಹೊತ್ತು ಅಲ್ಲಿಂದ ಬರುತ್ತದೆ. ‘ಗೋ’ ಗುಂಡಿ ಮನುಷ್ಯನ ಬೆರಳಿನಡಿಯೇ ಉಳಿದಿರುವುದಕ್ಕೂ ಇದೇ ಕಾರಣ.

ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಗೀತ ಕೇಂದ್ರದಲ್ಲಿ ಮ್ಯಾಟ್ ರೈಟ್ ಮತ್ತು ಏಡ್ರಿಯನ್ ಫ್ರೀಡ್ 1997ರಲ್ಲಿ ಮಂಡಿಸಿದ ‘ಓಪನ್ ಸೌಂಡ್ ಕಂಟ್ರೋಲ್’, ಅಂದರೆ ಓಎಸ್‌ಸಿ, ಮುಂದೆ ರಂಗಕ್ಕೂ ಬಂತು. ಇದು ಸಂಖ್ಯೆಗಳ ಬದಲು ಓದಬಹುದಾದ ವಿಳಾಸಗಳಲ್ಲಿ ಮಾತಾಡುತ್ತದೆ. ಸಾಮಾನ್ಯ ಕಂಪ್ಯೂಟರ್ ಜಾಲದ ಮೇಲೆ ಓಡುತ್ತದೆ. ಫಿಗರ್ 53 ಕಂಪನಿಯ ಕ್ಯೂಲ್ಯಾಬ್‌ನಂಥ ತಂತ್ರಾಂಶಗಳು ಧ್ವನಿ, ವಿಡಿಯೊ, ಬೆಳಕುಗಳನ್ನು ಒಂದೇ ಪಟ್ಟಿಯಲ್ಲಿ ಪೋಣಿಸಿ, ಹೊರಗಿನ ಸಾಧನಗಳಿಗೆ ಮಿಡಿ, ಓಎಸ್‌ಸಿ ಆಜ್ಞೆಗಳನ್ನು ಕಳಿಸುತ್ತವೆ. ದುಡ್ಡಿಲ್ಲದ ತಂಡಗಳಿಗೆ ಲಿನಕ್ಸ್ ಶೋ ಪ್ಲೇಯರ್ ಎಂಬ ಮುಕ್ತ ತಂತ್ರಾಂಶವೂ ಇದೆ. ಇಲ್ಲಿ ನಮ್ಮ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರಾಗುತ್ತದೆ. ಓಎಸ್‌ಸಿ ಸಾಮಾನ್ಯವಾಗಿ ಸಾಗುವುದು ಯುಡಿಪಿ ಎಂಬ ಕ್ರಮದಲ್ಲಿ: ಅಂಚೆಡಬ್ಬಿಗೆ ಹಾಕಿದ ಕಾರ್ಡಿನಂತೆ, ಹೋದರೆ ಹೋಯಿತು. ಟಿಸಿಪಿ ರಿಜಿಸ್ಟರ್ಡ್ ಅಂಚೆ. ಮುಟ್ಟಿದ ರುಜು ಮರಳುತ್ತದೆ. ರುಜು ಹಾಕಿದವರು ಪತ್ರ ಓದಿದರೇ ಎಂಬುದು ಆಗಲೂ ಗೊತ್ತಾಗದು. ಅದಕ್ಕಾಗಿ ಸಾಧನವನ್ನೇ ಕೇಳಬೇಕು. ಪ್ರೊಜೆಕ್ಟರುಗಳ ಪಿಜೆಲಿಂಕ್ ಭಾಷೆಯಲ್ಲಿ ‘ನೀನು ಹೊತ್ತಿದ್ದೀಯಾ’ ಎಂದು ಕೇಳಿ ಉತ್ತರ ಪಡೆಯಬಹುದು.

ಜೀವದ ಪ್ರಶ್ನೆ ಬಂದಾಗ ಈ ಉತ್ತರವೂ ಸಾಲದು. 2010ರ ಡಿಸೆಂಬರ್ 20ರಂದು ಬ್ರಾಡ್‌ವೇಯ ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್’ ಪ್ರದರ್ಶನದಲ್ಲಿ ಒಬ್ಬ ಸಾಹಸ ಕಲಾವಿದ ಎತ್ತರದ ವೇದಿಕೆಯಿಂದ ಬಿದ್ದು ತೀವ್ರವಾಗಿ ಗಾಯಗೊಂಡ. ಅವನ ಬೆನ್ನಿನ ರಕ್ಷಣಾ ಹಗ್ಗದ ಇನ್ನೊಂದು ತುದಿಯನ್ನು ರಂಗಕ್ಕೆ ಕಟ್ಟಿರಲಿಲ್ಲ. ಅಂದಿನ ಅತಿ ದುಬಾರಿ ನಾಟಕದಲ್ಲಿ ತಪ್ಪಿದ್ದು ಒಂದು ಕೊಂಡಿಯ ಮರುಪರಿಶೀಲನೆ. ಅದಕ್ಕೇ ಚಲಿಸುವ ವೇದಿಕೆ, ಬೆಂಕಿ, ಹಾರಾಟಗಳನ್ನು ಧ್ವನಿಯ ಲ್ಯಾಪ್‌ಟಾಪಿಗೆ ಪೂರ್ತಿ ಒಪ್ಪಿಸಬಾರದು. ಜಾಗವನ್ನು ಕಣ್ಣಾರೆ ಕಾಣುವ ಒಬ್ಬರು ಒಪ್ಪಿಗೆಯ ಗುಂಡಿಯನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಯಂತ್ರ ಚಲಿಸಬೇಕು. ಕೈಬಿಟ್ಟರೆ ನಿಲ್ಲಬೇಕು.

ಉಳಿದದ್ದರಲ್ಲಿ ಬಹುಪಾಲು ಮನೆವಾರ್ತೆಯ ಶಿಸ್ತು. ಪ್ರದರ್ಶನದ ಕಂಪ್ಯೂಟರಿಗೆ ನಿದ್ದೆ, ಅಪ್‌ಡೇಟ್, ವಾಟ್ಸ್ಆ್ಯಪ್ ಮೂರೂ ಬೇಡ. ವೈಫೈ ಬದಲು ತಂತಿ, ಸಭಾಂಗಣದ ಇಂಟರ್ನೆಟ್ಟಿಗೆ ಸೇರದ ಪ್ರತ್ಯೇಕ ಜಾಲ, ಬದಲಾಗದ ವಿಳಾಸಗಳು, ಯುಪಿಎಸ್. ಅನುಕೂಲವಿದ್ದರೆ ಎರಡು ಕಂಪ್ಯೂಟರುಗಳು ಒಂದೇ ‘ಗೋ’ಗೆ ಒಟ್ಟಿಗೆ ಓಡಬೇಕು, ಒಂದು ನಿಂತರೆ ಇನ್ನೊಂದರ ಸದ್ದಿಗೆ ಬದಲಿಸಿಕೊಳ್ಳಬಹುದು. 1985ರಿಂದ ಊರೂರು ಸುತ್ತುತ್ತಿರುವ ನೀನಾಸಮ್ ತಿರುಗಾಟದಂಥ ತಂಡಗಳಿಗೆ ಇವತ್ತಿನ ರಂಗಮಂದಿರ ನಾಳೆ ಇರುವುದಿಲ್ಲ. ಅಂಥ ಸಂಚಾರದಲ್ಲಿ ಕಡಿಮೆ ಕೊಂಡಿಗಳಿರುವ ವ್ಯವಸ್ಥೆಯೇ ಗಟ್ಟಿ ವ್ಯವಸ್ಥೆ. ಒಂದು ಕೊಂಡಿ ಹೆಚ್ಚಾದರೆ ಪ್ರತಿ ಊರಿನಲ್ಲೂ ಅದನ್ನು ಪರೀಕ್ಷಿಸುವ ಕೆಲಸ ಹೆಚ್ಚಾಗುತ್ತದೆ.

ರಂಗಶಿಕ್ಷಣದ ತರಗತಿಗಳಲ್ಲಿ ಕ್ಯೂ ಪಟ್ಟಿ ಬರೆಯುವುದನ್ನು ಕಲಿಸುತ್ತಾರೆ: ಸಂಖ್ಯೆ, ಯಾವ ಮಾತಿಗೆ, ಏನಾಗಬೇಕು, ಎಷ್ಟು ಸೆಕೆಂಡು. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಬೇಕೆಂಬುದು ನನ್ನ ಸಲಹೆ: ‘ಆಯಿತೆಂದು ನೋಡುವವರು ಯಾರು?’ ಕೆಲವು ಸಾಲುಗಳಲ್ಲಿ ಅಲ್ಲಿ ಒಂದು ಸಾಧನದ ಹೆಸರು ಬರಬಹುದು. ಹೆಚ್ಚಿನ ಸಾಲುಗಳಲ್ಲಿ ಒಬ್ಬ ಮನುಷ್ಯರ ಹೆಸರೇ ಬರುತ್ತದೆ. ಯಾವ ಸಾಲಿನಲ್ಲಿ ಅದು ಖಾಲಿ ಉಳಿಯುತ್ತದೆಯೋ, ತಾಲೀಮಿನ ಹೊತ್ತಿನಲ್ಲಿ ಮೊದಲು ಹೋಗಿ ನಿಲ್ಲಬೇಕಾದದ್ದು ಅಲ್ಲಿ.